ಎಷ್ಟು ಬಿತ್ತು?

ಸಕಲೇಶಪುರ ಬಿಟ್ಟು ಮಂಗಳೂರಿನ ದಾರಿ ಹಿಡಿದು, ದೋಣಿಗಾಲ್ ದಾಟಿ ಮಾರನಹಳ್ಳಿ ಮುಟ್ಟುವಷ್ಟರಲ್ಲಿ ಕುಶಲ ವಿಚಾರಿಸುವ ಮಾತೇ ಬೇರೆಯಾಗಿರುತ್ತದೆ. ಹಾಸನದಲ್ಲಿ ‘ಊಟ ಆಯ್ತಾ?’ ಎನ್ನುವವರು ಇಲ್ಲಿ ‘ಎಷ್ಟು ಬಿತ್ತು?’ ಎನ್ನುತ್ತಾರೆ. ಏನು ಬಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಮರ ಬೀಳುತ್ತದೆ, ಕರೆಂಟು ಕಂಬ ಬೀಳುತ್ತದೆ, ಒಮ್ಮೊಮ್ಮೆ ಗುಡ್ಡವೇ ಹೆದ್ದಾರಿಯ ಮೇಲೆ ಬೀಳುತ್ತದೆ. ಅವೆಲ್ಲ ಮಳೆಯ ಖಾತೆಗೇ ಜಮಾ. ಉತ್ತರ ಇಂಚಿನಲ್ಲಿ, ಇಂಚಿನ ನೂರರಲ್ಲೊಂದು ಪಾಲಾದ ಸೆಂಟಿನಲ್ಲಿ ಬರಬೇಕು. ದೇಶ ಮೆಟ್ರಿಕ್ ಅಳತೆಗೆ ಬದಲಾಗಿ ಅರವತ್ತು ವರ್ಷ ಕಳೆದರೂ ಕಾಫಿ ತೋಟದವರ ಮಳೆ ಇಂಚಿನಲ್ಲೇ ಬೀಳುತ್ತಿದೆ. ಬೆಳಿಗ್ಗೆ ಎದ್ದವರೇ ಅಂಗಳದ ಮಳೆಮಾಪಕದ ಹತ್ತಿರ ಹೋಗಿ, ಗಾಜಿನ ಅಳತೆಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ‘ಮೂರು ಇಂಚು ನಲವತ್ತು’ ಎಂದು ಪುಸ್ತಕದಲ್ಲಿ ಬರೆದ ಮೇಲೆಯೇ ಕಾಫಿ. ಅಜ್ಜನ ಕಾಲದಿಂದ ಬಂದ ಇಂಥ ಮಳೆಪುಸ್ತಕಗಳು ಅನೇಕ ಮನೆಗಳಲ್ಲಿವೆ. ಮದುವೆ, ಮುಂಜಿ, ಪಾಲುಪಾರೀಕತ್ತಿನ ದಿನಾಂಕ ಮರೆತಿರಬಹುದು. ಯಾವ ವರ್ಷ ಕಾಫಿಯ ಹೂ ಅರಳಿಸುವ ಹೂಮಳೆ ಕೈಕೊಟ್ಟಿತು ಎಂಬುದಕ್ಕೆ ಲಿಖಿತ ದಾಖಲೆ ಇರುತ್ತದೆ.

ಇದರಲ್ಲಿ ಪೈಪೋಟಿಯೂ ಇದೆ. ಆಲೂರಿನ ಕಡೆಯವರು ಈ ಸ್ಪರ್ಧೆಗೆ ಬರುವುದೇ ಇಲ್ಲ. ಘಟ್ಟದ ಅಂಚಿಗೆ ಸರಿದಂತೆ ಮಳೆ ಏರುತ್ತದೆ, ಪೂರ್ವಕ್ಕೆ ಹೋದಂತೆ ಇಳಿಯುತ್ತದೆ, ನಲವತ್ತು ಐವತ್ತು ಕಿಲೋಮೀಟರಿನಲ್ಲಿ ಅರ್ಧಕ್ಕೂ ಕೆಳಗೆ. ಮಾರನಹಳ್ಳಿಯ ಕಡೆ ವರ್ಷಕ್ಕೆ ನೂರು ಇಂಚು ದಾಟುವುದು ಸುದ್ದಿಯಲ್ಲ. ಪಕ್ಕದ ತೋಟದ ಗೌಡರು ನನಗಿಂತ ಹತ್ತು ಸೆಂಟಾದರೂ ಹೆಚ್ಚು ಹೇಳದೆ ಬಿಟ್ಟ ದಿನವಿಲ್ಲ. ಅವರ ಮಾಪಕ ಮನೆಯ ಸೂರಿಗೆ ತೀರಾ ಹತ್ತಿರವಿದೆ ಎಂಬ ಅನುಮಾನ ನನಗೆ. ಕೇಳಿದರೆ, ನನ್ನ ಮಾಪಕದ ಮೇಲೆ ಹಾಲುವಾಣದ ಕೊಂಬೆ ಬಾಗಿದೆ ಎನ್ನುತ್ತಾರೆ.

ಹೀಗೆ ಅಳೆದೇ ಬದುಕುವ ಊರಿಗೆ ಇನ್ನೊಂದು ಅಳತೆ ಹೊತ್ತು ಬಂದವನು ನಮ್ಮ ಅಕ್ಕನ ಮಗ. ಬೆಂಗಳೂರಿನಲ್ಲಿ ಅವನ ಕೆಲಸ ಆಹಾರದ ಪರಿಸರ ಲೆಕ್ಕ ಬರೆಯುವುದು. ಒಂದು ಬಿಸ್ಕತ್ತೋ ಒಂದು ಲೀಟರ್ ಹಾಲೋ ಹೊಲದಿಂದ ಹೊರಟು ಹೊಟ್ಟೆ ಸೇರಿ, ಅದರ ಕವರು ಕಸದ ಬುಟ್ಟಿಗೆ ಬೀಳುವ ತನಕ ಎಷ್ಟು ನೀರು ಕುಡಿಯಿತು, ಎಷ್ಟು ಇಂಗಾಲ ಉಗುಳಿತು, ಎಷ್ಟು ನೆಲ ಹಿಡಿದುಕೊಂಡಿತು ಎಂದು ಕೂಡಿಸುವುದು. ಜೀವನಚಕ್ರ ಮೌಲ್ಯಮಾಪನ ಎಂದು ಇದರ ಹೆಸರು. ಮನುಷ್ಯರಿಗೆ ಜಾತಕ ಬರೆಯುವುದು ಹುಟ್ಟಿದಾಗ, ಬಿಸ್ಕತ್ತಿಗೆ ತಿಂದು ಮುಗಿದ ಮೇಲೆ. ಈ ವಿದ್ಯೆಯ ಮೊದಲ ಪ್ರಯೋಗಗಳಲ್ಲೊಂದು ನಡೆದದ್ದು 1969ರಲ್ಲಿ, ಅಮೆರಿಕದಲ್ಲಿ, ಕೋಕಾ-ಕೋಲಾ ಕಂಪನಿಗಾಗಿ. ಅವರು ತೂಗಿ ನೋಡಿದ್ದು ಒಳಗಿನ ಪಾನೀಯವನ್ನಲ್ಲ, ಬಾಟಲಿಯನ್ನು. ಗೌಡರಿಗೆ ಇದು ಬಹಳ ಹಿಡಿಸಿತು. ‘ಬುದ್ಧಿವಂತರು, ಒಳಗಿನದರ ತಂಟೆಗೆ ಹೋಗಲಿಲ್ಲ ನೋಡು’ ಎಂದರು.

ಹುಡುಗ ಜಗಲಿಯಲ್ಲಿ ಕುಳಿತು ಕಾಫಿ ಲೋಟ ಕೈಗೆ ತೆಗೆದುಕೊಂಡವನೇ, ‘ಮಾವ, ಇದಕ್ಕೆ 140 ಲೀಟರ್ ನೀರು ಖರ್ಚಾಗಿದೆ’ ಎಂದ. ಒಳಗಿದ್ದ ನನ್ನ ಹೆಂಡತಿ, ‘ಅಷ್ಟೇನೂ ನೀರು ಹಾಕಿಲ್ಲ, ಡಿಕಾಕ್ಷನ್ ಗಟ್ಟಿಯಾಗೇ ಇದೆ’ ಎಂದು ಅಲ್ಲಿಂದಲೇ ಪ್ರತಿಭಟಿಸಿದಳು. ಅವನು ಹೇಳಿದ್ದು ನೆದರ್‌ಲ್ಯಾಂಡ್ಸ್‌ನ ಆರ್ಯೆನ್ ಹುಕ್‌ಸ್ಟ್ರಾ ಎಂಬ ವಿದ್ವಾಂಸರ ಲೆಕ್ಕ. ‘ನೀರಿನ ಹೆಜ್ಜೆಗುರುತು’ ಎಂಬ ಕಲ್ಪನೆಯನ್ನು 2002ರಲ್ಲಿ ಮುಂದಿಟ್ಟವರು ಅವರು. ಏಳು ಗ್ರಾಂ ಪುಡಿಯಷ್ಟು ಕಾಫಿ ಬೆಳೆಯಲು ಗಿಡ ಹೀರಿ ಆವಿಯಾಗಿಸಿದ ನೀರು, ಬೀಜ ತೊಳೆದ ನೀರು ಎಲ್ಲ ಸೇರಿ ಒಂದು ಲೋಟಕ್ಕೆ 140 ಲೀಟರ್. ಅದೇ ಲೆಕ್ಕದಲ್ಲಿ ಚಹಾಕ್ಕೆ ಅದರ ಕಾಲು ಭಾಗವೇ ಸಾಕಂತೆ. ಚಹಾ ಕುಡಿಯುವವರ ಮುಖದಲ್ಲಿ ನಾನು ಆಗಾಗ ಕಾಣುವ ಗರ್ವದ ಮೂಲ ಅವತ್ತು ತಿಳಿಯಿತು. ನೆಲದ ಒಂದು ಪಾಲೇ ಸಮುದ್ರಮಟ್ಟಕ್ಕಿಂತ ಕೆಳಗಿರುವ ದೇಶದಲ್ಲಿ ನೀರನ್ನು ಅಳೆಯುವ ಶಾಸ್ತ್ರ ಹುಟ್ಟಿದ್ದರಲ್ಲಿ ಆಶ್ಚರ್ಯವೇನಿಲ್ಲ.

ಗೌಡರು ಬಾಯಿಲೆಕ್ಕದಲ್ಲಿ ಗಟ್ಟಿಗರು. ಒಂದು ಎಕರೆಗೆ ಒಂದು ಇಂಚು ಮಳೆ ಎಂದರೆ ಒಂದು ಲಕ್ಷ ಲೀಟರಿಗೆ ಸ್ವಲ್ಪ ಮೇಲೆ. ನೂರು ಇಂಚಿಗೆ ಒಂದು ಕೋಟಿ. ನೂರ ನಲವತ್ತರಿಂದ ಭಾಗಿಸಿದರೆ ಎಪ್ಪತ್ತು ಸಾವಿರ ಲೋಟಕ್ಕೂ ಮಿಕ್ಕಿ. ‘ನಾವು ಅಷ್ಟು ಲೋಟ ಕಾಫಿ ಮಾಡದೆ ಹೋದರೆ ಆ ಮಳೆ ಬೀಳದೇ ಇರುತ್ತಾ?’ ಎಂದು ಕೇಳಿದರು. ಹುಡುಗ ಪಾಪ, ಪ್ರಾಮಾಣಿಕ. ನೀರಿನಲ್ಲಿ ಮೂರು ಬಣ್ಣವಿದೆ ಎಂದು ಪಾಠ ಶುರುಮಾಡಿದ. ಮಳೆಯಿಂದ ಮಣ್ಣಿಗಿಳಿದು ಬೇರಿಗೆ ಸಿಕ್ಕದ್ದು ಹಸಿರು. ಹೊಳೆ, ಕೆರೆ, ಬಾವಿಯಿಂದ ಎತ್ತಿದ್ದು ನೀಲಿ. ಕೊಳೆಯಾದದ್ದನ್ನು ತಿಳಿಗೊಳಿಸಲು ಬೇಕಾದದ್ದು ಬೂದು. ನಮ್ಮ ಕಾಫಿಯದು ಬಹುಪಾಲು ಹಸಿರು ನೀರು, ಆದ್ದರಿಂದ ಅಂಜಬೇಕಾದ್ದಿಲ್ಲ. ಹಾಗಾದರೆ ಎಲ್ಲವನ್ನೂ ಒಟ್ಟುಗೂಡಿಸಿ 140 ಎಂದು ಹೆದರಿಸಿದ್ದು ಏಕೆ ಎಂಬುದಕ್ಕೆ ಉತ್ತರ ಬರುವಷ್ಟರಲ್ಲಿ ಎರಡನೇ ಲೋಟ ಬಂತು. ಅದಕ್ಕೂ 140.

ನೀರಿನ ವಿಷಯದಲ್ಲಿ ಒಂದೇ ಅಂಕಿಗೆ ಎಲ್ಲರೂ ಒಪ್ಪುತ್ತಾರೆ ಎಂದು ನಂಬುವುದು ಈ ಊರಿನಲ್ಲಿ ಕಷ್ಟ. ಇಲ್ಲಿನ ನೀರಿಗೆ ಎರಡು ದಾರಿ: ಸಕಲೇಶಪುರದ ಹೇಮಾವತಿ ಪೂರ್ವಕ್ಕೆ ತಿರುಗಿ ಕಾವೇರಿ ಸೇರುತ್ತಾಳೆ; ಘಟ್ಟದ ಕೆಂಪುಹೊಳೆ ಪಶ್ಚಿಮಕ್ಕಿಳಿದು ನೇತ್ರಾವತಿಯ ಬಳಗ ಸೇರುತ್ತದೆ. ಆ ಪಶ್ಚಿಮದ ಪಾಲನ್ನು ಮತ್ತೆ ಪೂರ್ವಕ್ಕೆ ಎತ್ತುವುದೇ ಎತ್ತಿನಹೊಳೆ ಯೋಜನೆ. ಸರ್ಕಾರದ ಕಾಗದದಲ್ಲಿ ಸಿಗುವ ನೀರು 24.01 ಟಿಎಂಸಿ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ. ವಿ. ರಾಮಚಂದ್ರ ಮತ್ತು ಸಂಗಡಿಗರು ಅಳೆದಾಗ ಸಿಕ್ಕದ್ದು 9.55 ಟಿಎಂಸಿ. ಅದೇ ಹಳ್ಳಗಳು, ಅದೇ ಆಕಾಶ. ನನ್ನ, ಗೌಡರ ಹತ್ತು ಸೆಂಟಿನ ಜಗಳ ಇದರ ಮುಂದೆ ಯಾವ ಲೆಕ್ಕ?

ಅಳತೆ ನಮಗೆ ಹೊಸದಲ್ಲ ಎಂದೆನಲ್ಲ. ಹಿಂದೆ ಗದ್ದೆಯನ್ನೇ ಬೀಜದಿಂದ ಅಳೆಯುತ್ತಿದ್ದರು. ಐದು ಕೊಳಗದ ಗದ್ದೆ, ಒಂದು ಖಂಡುಗದ ಗದ್ದೆ. ಈಗ ಕಾಫಿ ಚೆರ್ರಿ ಕೊಳ್ಳಲು ಬರುವ ವ್ಯಾಪಾರಿ ಮುಷ್ಟಿ ಕಾಯಿ ಒಡೆದು, ತೂಗಿ, ತೇವದ ಮೀಟರಿನಲ್ಲಿ ಇಟ್ಟು ಓಟಿ ಹೇಳುತ್ತಾನೆ. ಐವತ್ತು ಕಿಲೋ ಚೆರ್ರಿಯಲ್ಲಿ ಎಷ್ಟು ಕಿಲೋ ಶುದ್ಧ ಬೀಜ ಬಂತು ಎಂಬುದು ಓಟಿ. ಅದರಲ್ಲಿ ಒಂದು ಅಂಕಿ ಆಚೀಚೆಯಾದರೆ ಮಗಳ ಕಾಲೇಜು ಫೀಸು ಆಚೀಚೆಯಾಗುತ್ತದೆ. ಮರದ ವ್ಯಾಪಾರಿಯಂತೂ ಟೇಪನ್ನೂ ತರುವುದಿಲ್ಲ. ಸಿಲ್ವರ್ ಮರದ ಕೆಳಗೆ ನಿಂತು, ಒಮ್ಮೆ ಮೇಲೆ, ಒಮ್ಮೆ ನಮ್ಮ ಮುಖ ನೋಡಿ ಇಷ್ಟು ಅಡಿ ಎನ್ನುತ್ತಾನೆ. ಮುಖದಲ್ಲಿ ಸಾಲ ಕಂಡರೆ ಅಡಿ ಕಡಿಮೆ. ಅಳೆಯುವವನು ಯಾರ ಜೇಬಿನಿಂದ ಬಂದಿದ್ದಾನೆ ಎಂಬುದನ್ನು ನೋಡಿಯೇ ಅಳತೆಯನ್ನು ನಂಬುವ ಅಭ್ಯಾಸ ನಮಗೆ ಬಂದದ್ದು ಹೀಗೆ.

ಆದರೂ ಹುಡುಗನ ಶಾಸ್ತ್ರವನ್ನು ತಮಾಷೆ ಮಾಡಿ ತಳ್ಳಿಹಾಕುವಂತಿಲ್ಲ. ಆಕ್ಸ್‌ಫರ್ಡಿನ ಜೋಸೆಫ್ ಪೂರ್ ಮತ್ತು ಸ್ವಿಟ್ಜರ್ಲೆಂಡಿನ ಥಾಮಸ್ ನೆಮೆಚೆಕ್ ಎಂಬಿಬ್ಬರು 119 ದೇಶಗಳ ಸುಮಾರು 38,700 ಹೊಲ, ತೋಟಗಳ ಲೆಕ್ಕ ಒಟ್ಟುಹಾಕಿ 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಮನುಷ್ಯರು ವಾತಾವರಣಕ್ಕೆ ಬಿಡುವ ಬಿಸಿಯನಿಲಗಳಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು, ಅಂದರೆ ನೂರಕ್ಕೆ 26, ಊಟದ ದಾರಿಯಲ್ಲೇ ಹೊರಡುತ್ತದೆ. ಕಿಲೋ ಲೆಕ್ಕದಲ್ಲಿ ಹಂದಿಮಾಂಸದ ಬಿಸಿಯನಿಲದ ಭಾರ, ಮಾಂಸಕ್ಕೆಂದೇ ಸಾಕಿದ ದನದ ಮಾಂಸದ ಎಂಟರಲ್ಲೊಂದು ಭಾಗದ ಆಸುಪಾಸು ಎಂದು ತಿಳಿದಾಗ ಗೌಡರು ಕಡುಬು ಮತ್ತು ಹಂದಿ ಸಾರಿನ ಪರವಾಗಿ ವಿಜ್ಞಾನವನ್ನು ಮೊದಲ ಬಾರಿಗೆ ಮೆಚ್ಚಿಕೊಂಡರು. ಇನ್ನೊಂದು ಸಂಗತಿ ನನಗೆ ಹೊಸದು: ಇದರಲ್ಲೆಲ್ಲ ಸಾಗಣೆಯ ಪಾಲು ನೂರಕ್ಕೆ ಆರರಷ್ಟೇ. ಮಾರನಹಳ್ಳಿಯಲ್ಲಿ ನಿಂತು ಇದನ್ನು ನಂಬುವುದು ಹೇಗೆ? ಘಟ್ಟದ ಕೆಳಗಿನಿಂದ ಬೂತಾಯಿ, ಬಂಗುಡೆ ಹೊತ್ತ ಲಾರಿಗಳು ಉಪ್ಪುನೀರು ಸುರಿಸುತ್ತ ಮೇಲೇರುತ್ತವೆ. ಘಟ್ಟದ ಮೇಲಿನ ತರಕಾರಿ ಲಾರಿಗಳು ಬ್ರೇಕು ಸುಡುತ್ತ ಕೆಳಗಿಳಿಯುತ್ತವೆ. ನಡುವೆ ಟ್ಯಾಂಕರುಗಳ ಸಾಲು. ಹೊಗೆ ನಮ್ಮ ಮೂಗಿಗೇ ಬರುವುದರಿಂದ ನಮಗೆ ಅದು ದೊಡ್ಡದು; ಹೊಲದಲ್ಲಿ ಮಣ್ಣಿನಿಂದೇಳುವ ಅನಿಲಕ್ಕೆ ವಾಸನೆಯಿಲ್ಲ, ಹಾಗಾಗಿ ಅದರ ಮೇಲೆ ದೂರೂ ಇಲ್ಲ. ಇಷ್ಟು ಮಟ್ಟಿಗೆ ಹುಡುಗ ಗೆದ್ದ. ಬೀದಿಯಲ್ಲಿ ಕಂಡದ್ದನ್ನೇ ದೊಡ್ಡದು ಮಾಡುವ ನಮ್ಮ ಕಣ್ಣಿಗೆ ಇಂಥ ಲೆಕ್ಕ ಬೇಕು.

ಅವನು ಸೋತದ್ದು ಕೊಟ್ಟಿಗೆಯಲ್ಲಿ.

ನಮ್ಮಲ್ಲಿ ಮಲೆನಾಡು ಗಿಡ್ಡ ತಳಿಯ ಹಸುವಿದೆ. 2012ರಲ್ಲಿ ಸರ್ಕಾರ ಪ್ರತ್ಯೇಕ ತಳಿ ಎಂದು ಒಪ್ಪಿಕೊಂಡಿತು. ಗಿಡ್ಡಕ್ಕೆ ಇದರಿಂದ ಹೆಮ್ಮೆಯಾದ ಲಕ್ಷಣ ಕಾಣಲಿಲ್ಲ. ದಿನಕ್ಕೆ ಎರಡು ಲೀಟರ್ ಕೊಟ್ಟರೆ ಉದಾರ ಮನಸ್ಸಿನ ದಿನ. ಹುಡುಗ ಫೋನು ತೆಗೆದ. ಹಸುವಿನ ಹೊಟ್ಟೆಯ ಮೀಥೇನ್ ಬಾಲದ ಕಡೆಯಿಂದ ಬರುತ್ತದೆ ಎಂದು ನಾವೆಲ್ಲ ತಿಳಿದಿದ್ದೆವು. ಬರುವುದು ಹೆಚ್ಚಾಗಿ ತೇಗಿನಲ್ಲಿ. ಹಸು ತೇಗಿದ್ದನ್ನೆಲ್ಲ ಕೂಡಿ, ಅದು ಕೊಟ್ಟ ಹಾಲಿನಿಂದ ಭಾಗಿಸಬೇಕು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2010ರಲ್ಲಿ ಹೀಗೆ ಭಾಗಿಸಿದಾಗ ಜಗತ್ತಿನ ಸರಾಸರಿ ಕಿಲೋ ಹಾಲಿಗೆ 2.4 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು. ಕಡಿಮೆ ಹಾಲಿನ ಹಸುಗಳಿರುವ ಸಹಾರಾ ದಕ್ಷಿಣದ ಆಫ್ರಿಕದಲ್ಲಿ 7.5. ಛೇದ ಚಿಕ್ಕದಾದಷ್ಟೂ ಪಾಪ ದೊಡ್ಡದು. ಈ ಪರೀಕ್ಷೆಯಲ್ಲಿ ನಮ್ಮ ಗಿಡ್ಡ ಫೇಲು. ಹಾಸನದ ಕಡೆ ಸಿಮೆಂಟಿನ ಕೊಟ್ಟಿಗೆಯಲ್ಲಿ ಫ್ಯಾನಿನ ಕೆಳಗೆ ಹಿಂಡಿ ತಿನ್ನುವ ಕಪ್ಪು ಬಿಳುಪಿನ ಎಚ್‌ಎಫ್ ಹಸು ಪ್ರಥಮ ದರ್ಜೆ.

‘ಇದು ತಿನ್ನುವುದು ಏನು?’ ಎಂದು ಕೇಳಿದೆ. ಬೇಲಿಯ ಸೊಪ್ಪು, ಹಳ್ಳದ ಹುಲ್ಲು, ಕಣ್ಣು ತಪ್ಪಿಸಿ ನನ್ನ ಮನೆಯ ಬಾಳೆ. ಮೆಕ್ಕೆಜೋಳದ ಹೊಲವನ್ನಾಗಲಿ ಸೋಯಾ ಹಿಂಡಿಯನ್ನಾಗಲಿ ಅದು ಜನ್ಮದಲ್ಲಿ ಕಂಡಿಲ್ಲ. ಅದನ್ನು ಸಾಕಿರುವುದು ಹಾಲಿಗಲ್ಲ, ಗೊಬ್ಬರಕ್ಕೆ. ಮಳೆಗಾಲದಲ್ಲಿ ದರಗು ಹಾಸಿ ಮಾಡಿ, ಹೊತ್ತು ಕಾಫಿ ಬುಡಕ್ಕೆ, ಮೆಣಸಿನ ಬುಡಕ್ಕೆ ಹಾಕುವ ಕೊಟ್ಟಿಗೆಯ ಗೊಬ್ಬರವೇ ಅದರ ಮುಖ್ಯ ಉತ್ಪಾದನೆ. ಹಾಲು ಬಂದರೆ ಬಂತು. ಗೊಬ್ಬರದಿಂದ ಭಾಗಿಸಿದರೆ ಎಷ್ಟಾಗುತ್ತದೆ ಎಂದೆ. ಅಂಥ ಕೋಷ್ಟಕವಿಲ್ಲ ಎಂದ. ಹಾಲನ್ನೂ ಮಾಂಸವನ್ನೂ ಉತ್ಪನ್ನ ಎಂದು ಹಿಡಿದು ಭಾರವನ್ನು ಅವೆರಡಕ್ಕೆ ಹಂಚುತ್ತಾರಂತೆ. ಸಗಣಿ ಬಹುಮಟ್ಟಿಗೆ ತೊಂದರೆಯ ಪಟ್ಟಿಯಲ್ಲಿ. ಈ ಮಾತನ್ನು ಗೌಡರ ಹೆಂಡತಿಗೆ ಹೇಳಬಾರದಿತ್ತು. ಆಕೆ ವರ್ಷಕ್ಕೆ ಎರಡು ಟ್ರ್ಯಾಕ್ಟರ್ ಗೊಬ್ಬರ ಮಾರುವವರು.

ಗದ್ದೆಯ ಕಥೆಯೂ ಇದೇ. ನೀರು ನಿಂತ ಭತ್ತದ ಗದ್ದೆಯ ಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಜೀವಾಣುಗಳು ಮೀಥೇನ್ ಬಿಡುತ್ತವೆ, ನಿಜ. ಪರಿಹಾರವಾಗಿ ಗದ್ದೆಯ ನೀರನ್ನು ಆಗಾಗ ಬಸಿದು ಒಣಗಲು ಬಿಡಿ ಎನ್ನುತ್ತದೆ ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ. ಜುಲೈ ತಿಂಗಳಲ್ಲಿ ಮಾರನಹಳ್ಳಿಯ ಗದ್ದೆ ಒಣಗಿಸಿ ತೋರಿಸುವವರಿಗೆ ನಮ್ಮ ಕಡೆಯಿಂದ ಸನ್ಮಾನವಿದೆ. ಅಷ್ಟಕ್ಕೂ ಈಗ ಮೀಥೇನ್ ಬಿಡಲು ಗದ್ದೆ ಎಲ್ಲಿ ಉಳಿದಿದೆ? ಆಳಿಲ್ಲ, ಬೆಲೆಯಿಲ್ಲ, ಮೇಲೆ ಆನೆ. ಎಷ್ಟೋ ಗದ್ದೆ ಪಾಳು, ಎಷ್ಟೋ ಗದ್ದೆ ಶುಂಠಿಗೆ ಗುತ್ತಿಗೆ. ಶುಂಠಿ ಬಂದಲ್ಲಿ ಏರಿ ಮಾಡಿ ನೀರು ಬಸಿಯುತ್ತಾರೆ, ಔಷಧಿಯ ಡಬ್ಬಗಳು ಹಳ್ಳದಲ್ಲಿ ತೇಲುತ್ತವೆ, ಕಪ್ಪೆಗಳ ವಟವಟ ನಿಲ್ಲುತ್ತದೆ. ಮೀಥೇನಿನ ಅಂಕಣದಲ್ಲಿ ಮಾತ್ರ ಸುಧಾರಣೆ.

ಆನೆಯನ್ನು ಸೇರಿಸಿದರೆ ಲೆಕ್ಕ ಇನ್ನೂ ರಂಗೇರುತ್ತದೆ. ಆಲೂರು, ಸಕಲೇಶಪುರದ ಆನೆಗಳು ನಮ್ಮ ತೋಟಗಳಲ್ಲೇ ಸಂಸಾರ ಹೂಡಿವೆ. ಯಾವ ಹಿಂಡು ಎಲ್ಲಿದೆ ಎಂದು ಫೋನಿಗೆ ಸಂದೇಶ ಬರುತ್ತದೆ, ರಸ್ತೆಬದಿಯಲ್ಲಿ ಎಲ್‌ಇಡಿ ಫಲಕ ಹೊತ್ತಿಕೊಳ್ಳುತ್ತದೆ. ನೆಂಟರ ವಿಷಯದಲ್ಲಿ ಈ ಸೌಲಭ್ಯ ಇನ್ನೂ ಬಂದಿಲ್ಲ. ಈಗ ಒಬ್ಬ ರೈತ ಆನೆಯನ್ನು ಸಹಿಸಿಕೊಂಡು ಭತ್ತ ಬೆಳೆದ ಎನ್ನಿ. ಅರ್ಧ ಆನೆ ತಿಂದಿತು, ಅರ್ಧ ಇವನಿಗೆ ಉಳಿಯಿತು. ಗದ್ದೆ ಬಿಟ್ಟ ಅನಿಲ ಅಷ್ಟೇ, ಕೈಗೆ ಬಂದ ಭತ್ತ ಅರ್ಧ. ಕಿಲೋ ಲೆಕ್ಕದಲ್ಲಿ ಅವನು ಮೊದಲಿಗಿಂತ ಎರಡು ಪಟ್ಟು ಪರಿಸರದ್ರೋಹಿ. ಸುತ್ತ ವಿದ್ಯುತ್ ಬೇಲಿ ಹಾಕಿ ಆನೆಯನ್ನು ಪಕ್ಕದವನ ಗದ್ದೆಗೆ ಅಟ್ಟಿದವನು ಪರಿಸರಸ್ನೇಹಿ. ಹುಡುಗ ಇದನ್ನು ಒಪ್ಪಿದ. ಒಪ್ಪಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಯುರೋಪಿನವರ ಅಳತೆ ಬೇರೆ ದಿಕ್ಕಿನಿಂದ ಬಂದಿದೆ. ಭಾರತದ ಕಾಫಿಯಲ್ಲಿ ಮೂರರಲ್ಲಿ ಎರಡು ಭಾಗದಷ್ಟು ಹೊರದೇಶಕ್ಕೆ ಹೋಗುತ್ತದೆ, ಅದರಲ್ಲೂ ಇಟಲಿಯವರು ದೊಡ್ಡ ಗಿರಾಕಿಗಳು. ಯುರೋಪಿಯನ್ ಒಕ್ಕೂಟ 2023ರಲ್ಲಿ ಮಾಡಿದ ಅರಣ್ಯನಾಶ ತಡೆ ನಿಯಮದ ಪ್ರಕಾರ, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಬರಕೂಡದು. ಪುರಾವೆಯಾಗಿ ತೋಟದ ಅಕ್ಷಾಂಶ, ರೇಖಾಂಶ ಕೊಡಬೇಕು, ದಶಮಾಂಶದ ಆರು ಸ್ಥಾನದವರೆಗೆ. ಅಂದರೆ ನಾಲ್ಕೂವರೆ ಇಂಚಿನ ನಿಖರತೆ. ನಾಲ್ಕು ಹೆಕ್ಟೇರಿನೊಳಗಿನ ಬೆಳೆಗಾರನಿಗೆ ಒಂದು ಚುಕ್ಕಿ ಸಾಕು; ಮೇಲಿನವರು ಬೇಲಿಯ ಸುತ್ತ ಗೆರೆ ಎಳೆದುಕೊಡಬೇಕು. ಇದಕ್ಕಾಗಿ ಕಾಫಿ ಮಂಡಳಿಯವರು ಮೊಬೈಲ್ ಆ್ಯಪ್ ಮಾಡಿ ಬೆಳೆಗಾರರು ನೋಂದಾಯಿಸಿಕೊಳ್ಳಿ ಎನ್ನುತ್ತಿದ್ದಾರೆ.

ಫೋನು ಹಿಡಿದು ಬೇಲಿ ಸುತ್ತಿದವರಿಗೇ ಗೊತ್ತು ಅದರ ಸುಖ. ಅತ್ತಿ, ಬಸರಿ, ನಂದಿ, ಹೊನ್ನೆಯ ನೆರಳಿನಲ್ಲಿ ಉಪಗ್ರಹಕ್ಕೆ ನಾವು ಕಾಣುವುದಿಲ್ಲ, ನಮಗೆ ಅದು ಸಿಗುವುದಿಲ್ಲ. ಪರದೆಯ ಮೇಲಿನ ನೀಲಿ ಚುಕ್ಕಿ ಹಳ್ಳದಾಚೆಗೆ ಹಾರಿ ಗೌಡರ ತೋಟದಲ್ಲಿ ನಿಲ್ಲುತ್ತದೆ, ಮರುಕ್ಷಣ ಮನೆಯೊಳಗೆ. ಕಾಲಿಗೆ ಇಂಬಳ ಹತ್ತುವುದು ಮಾತ್ರ ನಾಲ್ಕೂವರೆ ಇಂಚಿನ ನಿಖರತೆಯಲ್ಲಿ. ಅಣ್ಣತಮ್ಮಂದಿರು ಮೂವತ್ತು ವರ್ಷದಿಂದ ಮಾತು ಬಿಟ್ಟಿರುವ ಬೇಲಿಗಳಿವೆ, ಪಹಣಿ ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲಿದೆ, ಪೋಡಿ ಆಗಿಲ್ಲ. ಒಂದಿಷ್ಟು ಒತ್ತುವರಿ ಇರುವವನಿಗಂತೂ ದಶಮಾಂಶದ ಒಂದು ಸ್ಥಾನವೂ ಬೇಡ. ಇನ್ನೊಂದು ಫಜೀತಿ: ಮಳೆಗೆ ಮುಂಚೆ ನಾವು ಮರಗಸಿ ಮಾಡುತ್ತೇವೆ. ನೆರಳು ಹೆಚ್ಚಾದರೆ ಕಾಯಿ ಕೊಳೆಯುತ್ತದೆ, ಆದ್ದರಿಂದ ಹಾಲುವಾಣದ, ಕಾಡುಮರದ ಕೊಂಬೆ ಇಳಿಸುವುದು. ಆಕಾಶದಿಂದ ನೋಡಿದವನಿಗೆ ಏಪ್ರಿಲ್‌ನಲ್ಲಿ ಹಸಿರಾಗಿದ್ದದ್ದು ಜೂನ್‌ನಲ್ಲಿ ಬೋಳು. ಕಾಡು ಕಡಿದರು ಎಂದು ಅವನು ಬರೆದುಕೊಂಡರೆ ಅದು ಹಾಲುವಾಣ, ಮೂರು ತಿಂಗಳಲ್ಲಿ ಮತ್ತೆ ಚಿಗುರುತ್ತದೆ ಎಂದು ಬ್ರಸೆಲ್ಸಿಗೆ ಹೇಳುವವರು ಯಾರು? ಅತ್ತ ಹತ್ತೊಂಬತ್ತನೇ ಶತಮಾನದಲ್ಲಿ ಮಂಜರಾಬಾದಿನ, ಅಂದರೆ ಈ ಸಕಲೇಶಪುರ ಸೀಮೆಯ ಕಾಡು ಕಡಿಸಿ ತೋಟ ಮಾಡಿದ ದೊರೆಗಳೆಲ್ಲ ಕಟ್ಟಾಫ್ ದಿನಾಂಕದ ಆಚೆಗೆ ಆರಾಮವಾಗಿದ್ದಾರೆ. ಅವರಲ್ಲೊಬ್ಬ ರಾಬರ್ಟ್ ಎಲಿಯಟ್, 1850ರ ದಶಕದಲ್ಲಿ ಇಲ್ಲಿಗೆ ಬಂದವನು, ನೆರಳಿಲ್ಲದೆ ಕಾಫಿಗೆ ಉಳಿಗಾಲವಿಲ್ಲ ಎಂದು ಕಂಡುಕೊಂಡು 1894ರ ತನ್ನ ಪುಸ್ತಕದಲ್ಲಿ ವಿಸ್ತಾರವಾಗಿ ಬರೆದ. ಆ ನೆರಳೇ ಈಗ ಉಪಗ್ರಹಕ್ಕೆ ಅಡ್ಡ ಬಂದಿರುವುದು. ನಿಯಮದ ಜಾರಿ ಎರಡು ಬಾರಿ ಮುಂದಕ್ಕೆ ಹೋಗಿದೆ. ತಾಲ್ಲೂಕು ಕಚೇರಿಯ ಕೆಲಸ ಮಾತ್ರ ಮುಂದಕ್ಕೆ ಹೋಗುತ್ತದೆ ಎಂದುಕೊಂಡಿದ್ದ ಗೌಡರಿಗೆ ಯುರೋಪಿನ ಮೇಲೆ ಒಂದು ಬಗೆಯ ಅಭಿಮಾನ ಹುಟ್ಟಿದೆ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮದೇ ಹುಳುಕನ್ನು ಮುಚ್ಚಿಡುವುದು ಸರಿಯಲ್ಲ. ಬಿಳಿಕಾಂಡಕೊರಕಕ್ಕೆ ಸೋತು ನಾವು ಅರೇಬಿಕಾ ಕಿತ್ತು ರೊಬಸ್ಟಾ ಹಾಕಿದೆವು. ರೊಬಸ್ಟಾಕ್ಕೆ ಬಿಸಿಲು ಬೇಕು, ಕಾಡುಮರ ಹೋಗಿ ಸಿಲ್ವರ್ ಬಂತು. ಹೂಮಳೆಯನ್ನು ಕಾಯುವ ತಾಳ್ಮೆ ಹೋಗಿ ಸ್ಪ್ರಿಂಕ್ಲರ್ ಬಂತು. ಫೆಬ್ರುವರಿ, ಮಾರ್ಚಿನಲ್ಲಿ ಹಳ್ಳಕ್ಕೆ ಪಂಪು ಇಟ್ಟು ಹೂ ಅರಳಿಸುತ್ತೇವೆ. ಇದು ಆ ಹುಡುಗ ಹೇಳಿದ ನೀಲಿ ನೀರು. ಮೇಲಿನ ತೋಟದವನು ಎತ್ತಿದರೆ ಕೆಳಗಿನವನಿಗಿಲ್ಲ. ಇಳುವರಿ ಹೆಚ್ಚುತ್ತದೆ, ಎಲ್ಲವನ್ನೂ ಕಿಲೋದಿಂದಲೇ ಭಾಗಿಸುವವ ಹಳ್ಳ ಬತ್ತಿಸಿದವನಿಗೆ ನೂರಕ್ಕೆ ತೊಂಬತ್ತು ಅಂಕ ಕೊಟ್ಟಾನು. ನೂರು ಇಂಚು ಮಳೆ ಬೀಳುವ ಊರಿನಲ್ಲಿ ಏಪ್ರಿಲ್ ಹೊತ್ತಿಗೆ ಟ್ಯಾಂಕರ್ ನೀರು ತರಿಸಿದರೆ ಅದಕ್ಕೆ ಬೆಂಗಳೂರೂ ಕಾರಣವಲ್ಲ, ಬ್ರಸೆಲ್ಸೂ ಕಾರಣವಲ್ಲ. ನಮ್ಮ ಮಳೆಪುಸ್ತಕಗಳಲ್ಲಿ ಬಿದ್ದ ನೀರಿನ ಲೆಕ್ಕ ಸೆಂಟಿನವರೆಗೂ ಇದೆ. ಎತ್ತಿದ ನೀರಿಗೆ ಒಂದು ಪುಟವೂ ಇಲ್ಲ.

ಒಂದೇ ಬೆಳೆಯನ್ನು ಬೆಳೆಯುವ ಇಬ್ಬರ ನಡುವೆ ಪರಿಸರದ ಭಾರ ಐವತ್ತು ಪಟ್ಟಿನವರೆಗೂ ಬದಲಾಗುತ್ತದೆ ಎಂದು ಪೂರ್, ನೆಮೆಚೆಕ್ ಅವರ ಅಧ್ಯಯನವೇ ಹೇಳುತ್ತದೆ. ಹಾಗಿದ್ದ ಮೇಲೆ ಕಾಫಿಗೆ ಇಷ್ಟು, ಅಕ್ಕಿಗೆ ಇಷ್ಟು, ಹಾಲಿಗೆ ಇಷ್ಟು ಎಂಬ ಸರಾಸರಿ ಹಿಡಿದು ತೋಟಗಳನ್ನು ತೂಗಬೇಡಿ ಎಂಬುದು ಲೆಕ್ಕ ಬರೆಯುವವರಲ್ಲಿ ನನ್ನ ಕೋರಿಕೆ. ಕಿಲೋದಿಂದ ಭಾಗಿಸಿದ್ದನ್ನು ಎಕರೆಯಿಂದಲೂ ಒಮ್ಮೆ ಭಾಗಿಸಿ. ಆನೆ, ಕಪ್ಪೆ, ಸಗಣಿಗೆ ಅಂಕಣ ಹಾಕಲು ಆಗದಿದ್ದರೆ ಅಂಚಿನಲ್ಲಾದರೂ ಬರೆಯಿರಿ. ಇನ್ನು ತೋಟದವರಲ್ಲಿ ಕೋರಿಕೆ: ಮಳೆಪುಸ್ತಕದ ಹಿಂದಿನ ಪುಟದಲ್ಲಿ ಈ ಫೆಬ್ರುವರಿಯಿಂದ ಪಂಪು ಎಷ್ಟು ಗಂಟೆ ಓಡಿತು ಎಂದು ಬರೆಯಲು ಶುರುಮಾಡಿ. ಗೌಡರು ಒಪ್ಪಿದ್ದಾರೆ, ನಾನು ಬರೆದದ್ದನ್ನು ಮೊದಲು ತೋರಿಸಬೇಕು ಎಂಬ ಷರತ್ತಿನ ಮೇಲೆ.